ಕಪ್ಪಾಗಿದ್ದು ಪಿಷ್ಟ, ಪ್ಲಾಸ್ಟಿಡ್ ಅಲ್ಲ

ಸಸ್ಯಕೋಶದೊಳಗೆ ಆಹಾರ ತಯಾರಿಸುವ ಇಲ್ಲವೇ ಕೂಡಿಡುವ ಸಣ್ಣ ಅಂಗ ಪ್ಲಾಸ್ಟಿಡ್. ಅದರಲ್ಲಿ ಬಣ್ಣವಿಲ್ಲದ ಬಗೆ, ಅಂದರೆ ಲ್ಯೂಕೋಪ್ಲಾಸ್ಟ್ ನೋಡುವ ಪ್ರಾಕ್ಟಿಕಲ್ ಇದ್ದ ದಿನ ಮೇಜಿನ ಮೇಲೆ ಮೊದಲು ಬರುವುದು ಆಲೂಗಡ್ಡೆ. ಕೆಲಸ ಕೆಡುವುದೂ ಅಲ್ಲೇ. ಗಡ್ಡೆಯನ್ನು ಬ್ಲೇಡಿನಿಂದ ಕೆರೆದು, ಬಂದ ಬಿಳಿ ರಸವನ್ನು ಸ್ಲೈಡಿಗೆ ಹಚ್ಚಿದರೆ ಕೋಶಗಳು ಒಡೆದು ಪಿಷ್ಟದ ಕಾಳುಗಳು ಚೆಲ್ಲಾಡಿರುತ್ತವೆ. ಯಾವ ಕಾಳು ಯಾವ ಕೋಶದ್ದು ಎಂದು ಹೇಳಲು ದಾರಿಯೇ ಉಳಿಯುವುದಿಲ್ಲ.

ಕೆರೆಯಬಾರದು, ಸೀಳಬೇಕು. ಬ್ಲೇಡನ್ನೂ ಗಡ್ಡೆಯ ಮೈಯನ್ನೂ ಒದ್ದೆ ಮಾಡಿಕೊಂಡು ಒಂದೇ ಎಳೆತದಲ್ಲಿ ಕೊಯ್ಯಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಅಂಚು ಹರಿಯುತ್ತದೆ. ಚೂರು 3–4 ಮಿ.ಮೀ. ಅಗಲ ಇದ್ದರೆ ಸಾಕು. ಒಂದು ಅಂಚು ತೆಳುವಾಗುತ್ತ ಹೋಗಿ ಒಂದೇ ಪದರ ಕೋಶ ಉಳಿದಿದ್ದರೆ ನೋಡಬೇಕಾದ ಜಾಗ ಅದೇ. ಸ್ಲೈಡಿಗೆ ಇಡುವ ಮುನ್ನ ನೀರಿನಲ್ಲಿ ಒಮ್ಮೆ ಅಲುಗಿಸಿದರೆ ಹೊರಗೆ ಅಂಟಿದ ಕಾಳು ತೊಳೆದುಹೋಗುತ್ತವೆ.

ಪಿಷ್ಟವನ್ನು ನೀಲಿ ಮಾಡುವ ಅಯೋಡಿನ್ ಹಾಕುವ ಆತುರ ಬೇಡ. ಸೂಕ್ಷ್ಮದರ್ಶಕದ ಬೆಳಕು ತಗ್ಗಿಸುವ ಡಯಾಫ್ರಾಮನ್ನು ಸ್ವಲ್ಪ ಮುಚ್ಚಿ ನೋಡಿದರೆ ಕಾಳಿನ ಒಂದು ತುದಿಯ ಕಡೆಗೆ ಸರಿದ ಚುಕ್ಕೆ, ಅದರ ಸುತ್ತ ಚಿಪ್ಪಿನ ಗೆರೆಗಳಂಥ ಪದರಗಳು ಕಾಣುತ್ತವೆ. ಬಣ್ಣ ಏರಿದರೆ ಇವೆಲ್ಲ ಮುಚ್ಚಿಹೋಗುತ್ತವೆ. ದ್ರಾವಣಕ್ಕೆ 2 ಗ್ರಾಂ ಪೊಟ್ಯಾಸಿಯಂ ಅಯೋಡೈಡನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ 1 ಗ್ರಾಂ ಅಯೋಡಿನ್ ಹಾಕಿ, 300 ಮಿ.ಲೀ.ಗೆ ತುಂಬಬೇಕು. ಬರೀ ನೀರಿನಲ್ಲಿ ಅಯೋಡಿನ್ ಕರಗುವುದೇ ಕಷ್ಟ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಒಂದು ಹನಿ ಬಿಟ್ಟು, ಎದುರಿನ ಅಂಚಿನಿಂದ ಒತ್ತು ಕಾಗದದಲ್ಲಿ ಎಳೆದರೆ ನೀಲಿ ನಿಧಾನವಾಗಿ ಹರಡುತ್ತದೆ. ಹೆಚ್ಚಾದರೆ ಇಡೀ ನೋಟ ಮಸಿ.

ಇಲ್ಲೇ ಬಹುಪಾಲು ರೆಕಾರ್ಡ್ ಪುಸ್ತಕಗಳು ತಪ್ಪುವುದು. ನೀಲಿಯಾದ ಕಾಳಿಗೆ ಬಾಣ ಎಳೆದು ‘ಅಮೈಲೋಪ್ಲಾಸ್ಟ್’ (ಪಿಷ್ಟ ಕೂಡಿಡುವ ಲ್ಯೂಕೋಪ್ಲಾಸ್ಟ್) ಎಂದು ಬರೆಯುತ್ತಾರೆ. ಬಣ್ಣ ಹಿಡಿದದ್ದು ಒಳಗಿನ ಪಿಷ್ಟ, ಅದರಲ್ಲೂ ಮುಖ್ಯವಾಗಿ ಅದರ ಒಂದು ಘಟಕವಾದ ಅಮೈಲೋಸ್. ಪ್ಲಾಸ್ಟಿಡ್ಡಿನ ಎರಡು ಪೊರೆಗಳು ಉಬ್ಬಿದ ಕಾಳಿನ ಸುತ್ತ ಎಷ್ಟು ತೆಳುವಾಗಿ ಎಳೆದುಕೊಂಡಿರುತ್ತವೆ ಅಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸಿಗುವುದಿಲ್ಲ.

ಪ್ಲಾಸ್ಟಿಡ್ಡನ್ನೇ ನೋಡಬೇಕಿದ್ದರೆ ಟ್ರಾಡೆಸ್ಕಾಂಶಿಯಾ ಎಂಬ ಗಿಡದ ಎಲೆಯ ಅಡಿಭಾಗದ ಹೊರಸಿಪ್ಪೆ ಒಳ್ಳೆಯದು. ಅದನ್ನು ಸುಲಿದು, ನೀರಿನ ಬದಲು 5% ಸಕ್ಕರೆ ದ್ರಾವಣದಲ್ಲಿ ಇಡಬೇಕು. ಬರೀ ನೀರಿನಲ್ಲಿ ಲ್ಯೂಕೋಪ್ಲಾಸ್ಟ್ ಬೇಗ ಉಬ್ಬಿ ಕೆಡುತ್ತದೆ. ದೊಡ್ಡ ಲೆನ್ಸಿನಲ್ಲಿ ಕೋಶಕೇಂದ್ರದ ಸುತ್ತ ಮುತ್ತಿಕೊಂಡ ಸಣ್ಣ ಹೊಳೆಯುವ ಗುಂಡುಗಳೇ ಅವು. ಪತ್ರರಂಧ್ರದ ಕಾವಲು ಕೋಶಗಳಲ್ಲಿರುವ ಹಸಿರು ಗುಂಡುಗಳು ಬೇರೆ, ಅವು ಕ್ಲೋರೋಪ್ಲಾಸ್ಟ್.

ಸಮಯ ಉಳಿದರೆ, ಬೆಳಕಿಗೆ ಬಿದ್ದು ಹಸಿರಾದ ಆಲೂಗಡ್ಡೆಯ ಸಿಪ್ಪೆಯ ಕೆಳಗಿಂದ ಇನ್ನೊಂದು ಚೂರು. ಅಲ್ಲಿ ಅಮೈಲೋಪ್ಲಾಸ್ಟೇ ಕ್ಲೋರೋಪ್ಲಾಸ್ಟ್ ಆಗುತ್ತಿರುತ್ತದೆ: ಬಿಳಿ ಕಾಳಿಗೆ ಅಂಟಿದಂತೆ ತಿಳಿಹಸಿರು. (ಗಡ್ಡೆಯನ್ನು ಕಹಿ ಮಾಡುವ ಸೊಲನಿನ್‌ಗೆ ಈ ಹಸಿರು ಕಾರಣವಲ್ಲ, ಬೆಳಕಿಗೆ ಎರಡೂ ಹೆಚ್ಚುತ್ತವೆ, ಅಷ್ಟೇ.) ಈ ಚೂರಿಗೆ ಮಾತ್ರ ಅಯೋಡಿನ್ ಮುಟ್ಟಿಸಬಾರದು, ನೀಲಿಯ ಅಡಿಯಲ್ಲಿ ಹಸಿರು ಸಿಗುವುದಿಲ್ಲ.