ಮೊಸರಿನಿಂದ ಇಳಿದ ನೀರು

ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಮುರಿದು ತಿನ್ನುವ ಹಣ್ಣು-ಮೊಸರಿನ ತುಂಡು ಮಾಡೋಣ ಅಂತ ಇವತ್ತು ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ನೇತುಹಾಕಿದ್ದೆ. ಕೆಳಗಿಟ್ಟ ಬಟ್ಟಲಲ್ಲಿ ಎಷ್ಟು ನೀರು ಇಳಿದಿತ್ತು ಅಂತೀರಿ! ಫ್ರೀಜರ್‌ನಲ್ಲಿ ಐಸ್ ಹರಳಾಗಿ ಬಾಯಲ್ಲಿ ಕರಕರ ಅನ್ನುವುದು ಈ ನೀರೇ. ಅದು ಇಳಿದಷ್ಟೂ ಮೊಸರು ಬೆಣ್ಣೆಯ ಹಾಗೆ ನುಣ್ಣಗೆ. ಏನೂ ಸೇರಿಸದೆ, ಸುಮ್ನೆ ಕಾದಿದ್ದಕ್ಕೆ ಇಷ್ಟು ರುಚಿ!

ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ ಬೆರೆಸಿದೆ. ಮೇಲೆ ಸ್ಟ್ರಾಬೆರಿ ಚೂರು. ಸಕ್ಕರೆ ಹಾಕಲಿಲ್ಲ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಮ್ಮಿ ತಿಳಿಯುತ್ತದೆ, ಹಾಗಾಗಿ ಹಣ್ಣು ಪೂರ್ತಿ ಮಾಗಿರಬೇಕು.

ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜರ್‌ನಲ್ಲಿಟ್ಟರೆ ಬೇಗ ಗಟ್ಟಿಯಾಗುತ್ತದೆ, ಮುರಿಯುವುದೂ ಸುಲಭ.

ಮಕ್ಕಳು ಇನ್ನೊಂದು ತುಂಡು ಕೇಳಿದರೆ ಬೇಡ ಅನ್ನಬೇಕಿಲ್ಲ ಅಲ್ವಾ, ನನಗೆ ಅದೇ ಜಾಸ್ತಿ ಖುಷಿ. ನೀವು ಯಾವ ಹಣ್ಣು ಹಾಕುತ್ತೀರಿ?