ನಡುವಿಗೆ ಬಟ್ಟೆ ಸುತ್ತಿಕೊಂಡ ಪ್ರಭು

ಶುಭ ಶುಕ್ರವಾರದ ಹಿಂದಿನ ದಿನವಾದ ಪವಿತ್ರ ಗುರುವಾರದ ಸಂಜೆ, ಕೊನೆಯ ಭೋಜನದಲ್ಲಿ ಯೇಸು ಶಿಷ್ಯರ ಪಾದ ತೊಳೆದುದರ ನೆನಪಿಗೆ ಪಾದ ತೊಳೆಸಿಕೊಳ್ಳಲು ಆಯ್ಕೆಯಾದ ಹನ್ನೆರಡು ಮಂದಿ ಮನೆಯಲ್ಲೇ ಸೋಪು ಹಚ್ಚಿ, ಉಗುರು ಕತ್ತರಿಸಿ, ಕಾಲು ತೊಳೆದುಕೊಂಡೇ ಚರ್ಚಿಗೆ ಬರುತ್ತಾರೆ. ಕೊಳೆಯಾದ ಕಾಲನ್ನು ಗುರುಗಳ ಕೈಗೆ ಕೊಡುವುದು ಹೇಗೆ ಎಂಬ ಸಂಕೋಚ. ಅದರಲ್ಲಿ ಮರ್ಯಾದೆ ಇದೆ, ಒಪ್ಪೋಣ. ಆದರೆ ಅದೇ ಸಂಕೋಚದೊಳಗೆ, ಅಂದು ಪಾದ ಕೊಡಲು ಒಪ್ಪದ ಶಿಷ್ಯ ಪೇತ್ರನೂ ಕುಳಿತಿದ್ದಾನೆ.

ಪ್ರಬೋಧನೆ ಮುಗಿದ ಮೇಲೆ ಗುರುಗಳು ಮೇಲಿನ ಪೂಜಾವಸ್ತ್ರವನ್ನು ತೆಗೆದಿಟ್ಟು, ನಡುವಿಗೆ ಬಿಳಿ ಬಟ್ಟೆ ಬಿಗಿದುಕೊಂಡು ಬಲಿಪೀಠದಿಂದ ಇಳಿಯುತ್ತಾರೆ. ಬೋಗುಣಿ ಹಿಡಿದ ಹುಡುಗನೊಬ್ಬ, ಹೂಜಿ ಹಿಡಿದ ಇನ್ನೊಬ್ಬ. ವಯಸ್ಸಾದ ಗುರುಗಳಾದರೆ ಏಳನೆಯವರ ಹೊತ್ತಿಗೆ ಮಂಡಿಯೂರಿ ಏಳುವುದೇ ಕಷ್ಟ. ಬೆಂಚಿನ ಅಂಚು ಹಿಡಿದು ಏಳುತ್ತಾರೆ. ಬಿರುಕು ಬಿಟ್ಟ ಹಿಮ್ಮಡಿಯ ಮೇಲೆ ನೀರು ಬೀಳುತ್ತದೆ, ಒರೆಸುತ್ತಾರೆ, ಬಾಗಿ ಮುತ್ತಿಡುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದು, ಪೂಜಾವಸ್ತ್ರ ಮತ್ತೆ ಹೆಗಲೇರುತ್ತದೆ.

ಈ ವಿಧಿಯನ್ನು ವಿನಯದ ಪಾಠವೆಂದು ಮಾತ್ರ ಕೇಳಿ ಮನೆಗೆ ಹೋದರೆ ಬೈಬಲಿನಲ್ಲಿ ಈ ಘಟನೆಯನ್ನು ಹೇಳುವ ಯೊವಾನ್ನನ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ಅರ್ಧ ಓದಿದಂತೆ. ತಂದೆ ಸಮಸ್ತವನ್ನೂ ತಮ್ಮ ಕೈಗೆ ಒಪ್ಪಿಸಿದ್ದಾರೆಂದು ಯೇಸುವಿಗೆ ಗೊತ್ತಿತ್ತು ಎಂದು ಯೊವಾನ್ನ ಮೊದಲು ಹೇಳುತ್ತಾನೆ. ಸಮಸ್ತವೂ ಕೈಯಲ್ಲಿದೆ, ಆ ಕೈ ಮುಂದೆ ಎತ್ತಿಕೊಳ್ಳುವುದು ಬಟ್ಟೆಯನ್ನು, ನೀರನ್ನು. ಅಧಿಕಾರ ಇಲ್ಲದವನ ಸೇವೆ ಇದಲ್ಲ. ಅಧಿಕಾರವನ್ನು ಬದಿಗಿಟ್ಟು ಮಾಡಿದ ಸೇವೆಯೂ ಅಲ್ಲ. ತೊಳೆದ ಮೇಲೆ ‘ನೀವು ನನ್ನನ್ನು ಗುರು, ಪ್ರಭು ಎನ್ನುತ್ತೀರಿ, ಸರಿಯಾಗಿಯೇ ಹೇಳುತ್ತೀರಿ’ ಎಂದು ಯೇಸು ಆ ಹೆಸರುಗಳನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತಾರೆ. ಆಮೇಲೆ ಆಜ್ಞೆಯನ್ನೂ ಕೊಡುತ್ತಾರೆ: ನೀವೂ ಒಬ್ಬರು ಇನ್ನೊಬ್ಬರ ಪಾದ ತೊಳೆಯಬೇಕು.

ಅದೇ ಭೋಜನದ ಹೊತ್ತಿನಲ್ಲಿ ಶಿಷ್ಯರು ತಮ್ಮಲ್ಲಿ ಯಾರು ದೊಡ್ಡವರು ಎಂದು ವಾದಿಸುತ್ತಿದ್ದರೆಂದು ಇನ್ನೊಬ್ಬ ಶುಭಸಂದೇಶಕಾರ ಲೂಕ ಬರೆಯುತ್ತಾನೆ. ಮರುದಿನ ಶಿಲುಬೆ, ಇವರಿಗೆ ಹಿಂದಿನ ರಾತ್ರಿ ಹಿರಿತನದ ಲೆಕ್ಕ! ಜೆಬೆದಾಯನ ಮಕ್ಕಳಾದ ಯಕೋಬ ಯೊವಾನ್ನರು ಎಡಬಲದ ಪೀಠಗಳಿಗೆ ಮೊದಲೇ ಅರ್ಜಿ ಹಾಕಿದ್ದವರು. ಲೋಕದ ಅರಸರು ಜನರ ಮೇಲೆ ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಎಂದು ಅವರಿಗೆ ಆಗಲೇ ಹೇಳಿಯೂ ಆಗಿತ್ತು.

ಪೇತ್ರನ ವಿಷಯಕ್ಕೆ ಬರುತ್ತೇನೆ. ‘ನೀವು ನನ್ನ ಪಾದ ತೊಳೆಯುವುದೇ? ಎಂದಿಗೂ ಕೂಡದು’ ಎಂದವನು ಅವನು. ಇದು ಭಕ್ತಿಯೇ ಎಂದು ನಾವು ಅವನನ್ನು ಮೆಚ್ಚುತ್ತೇವೆ. ನನಗೆ ಅನುಮಾನ. ಒಡೆಯ ಎತ್ತರದಲ್ಲಿ ಕುಳಿತರೆ ಅವನ ಪಕ್ಕದಲ್ಲಿ ನಿಂತವನಿಗೂ ಒಂದಿಷ್ಟು ಎತ್ತರ ಸಿಗುತ್ತದೆ. ಒಡೆಯನೇ ನೆಲಕ್ಕೆ ಬಾಗಿದರೆ ಬಲಗೈ ಬಂಟ ಎಲ್ಲಿ ನಿಲ್ಲಬೇಕು? ಕ್ರೈಸ್ತ ಸಭೆಯಲ್ಲಿ ದೊರೆತನ ಬೆಳೆದದ್ದು ಪೀಠದಲ್ಲಿ ಕುಳಿತವರ ಆಸೆಯಿಂದ ಮಾತ್ರವಲ್ಲ, ಕೆಳಗೆ ನಿಂತ ನಮ್ಮ ಆಸೆಯಿಂದಲೂ. ಮೆರವಣಿಗೆಯಲ್ಲಿ ಛತ್ರಿ ಹಿಡಿಯಲು ಎಷ್ಟು ಕೈಗಳು ಮುಂದೆ ಬರುತ್ತವೆ, ನೋಡಿ! ಯೇಸು ಪೇತ್ರನಿಗೆ ಕೊಟ್ಟ ಉತ್ತರ ಕಠಿಣವಾದದ್ದು: ನಾನು ತೊಳೆಯದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ.

ಮಹಾ ಗ್ರೆಗೊರಿ ಪೋಪ್ ಆರನೆಯ ಶತಮಾನದ ಕೊನೆಯಲ್ಲಿ ತಮ್ಮನ್ನು ‘ದೇವರ ಸೇವಕರ ಸೇವಕ’ ಎಂದು ಕರೆದುಕೊಂಡರು. ಅವರ ನಂತರ ಆ ಬಿರುದನ್ನು ಹೊತ್ತವರನ್ನು 1978ರವರೆಗೂ ಆಳುಗಳ ಹೆಗಲ ಮೇಲಿನ ಕುರ್ಚಿಯಲ್ಲಿ ಹೊತ್ತು ತರುತ್ತಿದ್ದರು. ಬಿರುದಿನ ಭಾರವೂ ಆ ಹೆಗಲುಗಳ ಮೇಲೇ ಬಿತ್ತೇನೋ.

2013ರ ಮಾರ್ಚ್‌ನಲ್ಲಿ ಆಯ್ಕೆಯಾದ ಪೋಪ್ ಫ್ರಾನ್ಸಿಸ್ ಅದೇ ತಿಂಗಳ ಪವಿತ್ರ ಗುರುವಾರ ರೋಮಿನ ಕಾಸಾಲ್ ದೆಲ್ ಮಾರ್ಮೊ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಎಳೆಯರ ಪಾದ ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಗಂಡಸರ ಪಾದವನ್ನಷ್ಟೇ ತೊಳೆಯಬೇಕೆಂದು ಪೂಜಾವಿಧಿಯಲ್ಲಿತ್ತು. ಗೊಣಗಾಟ ಎದ್ದಿತು. 2016ರ ಜನವರಿಯಲ್ಲಿ ಆ ನಿಯಮವೇ ಬದಲಾಯಿತು. ಬಾಗುವುದಕ್ಕೂ ನಿಯಮ ತಿದ್ದುವುದಕ್ಕೂ ಒಂದೇ ಅಧಿಕಾರ ಸಾಕಾಯಿತೆಂಬುದು ನನಗೆ ಮುಖ್ಯ. 2025ರ ಪವಿತ್ರ ಗುರುವಾರ, ಸಾವಿಗೆ ನಾಲ್ಕು ದಿನ ಮೊದಲು, ಅವರು ರೆಜಿನಾ ಚೇಲಿ ಸೆರೆಮನೆಗೆ ಹೋದರು. ಪಾದ ತೊಳೆಯುವ ಶಕ್ತಿ ದೇಹದಲ್ಲಿ ಉಳಿದಿರಲಿಲ್ಲ. ಕೈದಿಗಳ ಜೊತೆ ಅರ್ಧ ಗಂಟೆ ಕಳೆದು ಬಂದರು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಸೇವೆ ಎಂಬ ಮಾತೇ ಅಧಿಕಾರಕ್ಕೆ ಒಳ್ಳೆಯ ಮುಸುಕಾಗಬಲ್ಲದು. ‘ನಾನು ನಿಮ್ಮ ಸೇವಕ’ ಎಂದವರನ್ನು ಪ್ರಶ್ನಿಸುವುದು ‘ನಾನು ನಿಮ್ಮ ಒಡೆಯ’ ಎಂದವರನ್ನು ಪ್ರಶ್ನಿಸುವುದಕ್ಕಿಂತ ಕಷ್ಟ. ಹಾಗಾದರೆ ಪರೀಕ್ಷೆ ಎಲ್ಲಿದೆ?

ಯೇಸುವಿನ ನಂತರ, ಸಿರಿಯದ ಅಂತಿಯೋಕ್ಯ ಎಂಬ ಪ್ರಾಚೀನ ನಗರದಲ್ಲಿ ಆ ಪರೀಕ್ಷೆ ನಡೆಯಿತು. ಯೆಹೂದ್ಯರಲ್ಲದ ವಿಶ್ವಾಸಿಗಳ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದ ಪೇತ್ರ, ಯೆರೂಸಲೇಮಿನ ಸಭೆಯ ಮುಖಂಡ ಯಕೋಬನ (ಜೆಬೆದಾಯನ ಮಗನಲ್ಲ, ಬೇರೊಬ್ಬ) ಕಡೆಯವರು ಬಂದೊಡನೆ ಹೆದರಿ ಎದ್ದು ದೂರವಾದ. ಮೊದಲ ಬಳಗಕ್ಕೆ ಸೇರದ, ಹಿಂದೆ ಸಭೆಯನ್ನು ಹಿಂಸಿಸಿದ್ದ ಪೌಲ ಎಲ್ಲರ ಮುಂದೆ, ಮುಖಾಮುಖಿಯಾಗಿ ಅವನನ್ನು ತಪ್ಪುಗಾರನೆಂದ. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಅದು ಹಾಗೆಯೇ ಇದೆ. ಪೇತ್ರನ ಮಾನ ಉಳಿಸಲೆಂದು ಸಭೆ ಆ ಸಾಲುಗಳನ್ನು ಅಳಿಸಲಿಲ್ಲ. ಪೇತ್ರನ ಪೀಠವೆನಿಸಿದ ಪೋಪರ ಪೀಠದ ಮುಂದೆಯೇ ಅವನ್ನು ದೇವರ ವಾಕ್ಯವೆಂದು ಓದುತ್ತಾ ಬಂದಿದೆ.