ಮೊದಲು ಈಜಿಪುರದ ಮೇಲ್ಸೇತುವೆ ಮುಗಿಸಿ, ಆಮೇಲೆ ಸುರಂಗ ತೋಡಿ

2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಓದಿದರು. ನನಗೆ ಅವತ್ತು ಪರೀಕ್ಷೆ ಡ್ಯೂಟಿ. ಸಂಜೆ ಮನೆಗೆ ಬಂದು, ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು, ಮೊಬೈಲಿನಲ್ಲಿ ಭಾಷಣದ ಪುಟಗಳನ್ನು ಒಂದೊಂದೇ ಓದಿದೆ. ನಾನು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುವವಳು. ಯಾರದೇ ಜಮಾಖರ್ಚು ಕಂಡರೂ ಕೊನೆಯ ಸಾಲಿನ ತನಕ ನೋಡದೆ ಬಿಡುವುದಿಲ್ಲ.

ನೋಡಿದರೆ 1,16,000 ಕೋಟಿ ಸಾಲ. ಅಂದರೆ ಸರ್ಕಾರ ಖರ್ಚು ಮಾಡುವ ನಾಲ್ಕು ರೂಪಾಯಿಯಲ್ಲಿ ಒಂದು ರೂಪಾಯಿಗೂ ಜಾಸ್ತಿ ಸಾಲದ್ದು. ಅದರ ಜೊತೆಗೆ 19,262 ಕೋಟಿ ರಾಜಸ್ವ ಕೊರತೆ. ಸುಲಭವಾಗಿ ಹೇಳುವುದಾದರೆ, ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಗಳಂಥ ದಿನನಿತ್ಯದ ಖರ್ಚಿಗೂ ಆದಾಯ ಸಾಲುತ್ತಿಲ್ಲ, ಆ ತೂತು ಮುಚ್ಚುವುದಕ್ಕೂ ಕೈಸಾಲ ಬೇಕು. ಸಾಲ ಮಾಡಿ ಸೇತುವೆ ಕಟ್ಟಿದರೆ ಸೇತುವೆಯಾದರೂ ಉಳಿಯುತ್ತದೆ. ಸಾಲ ಮಾಡಿ ಬಡ್ಡಿ ಕಟ್ಟಿದರೆ ಏನು ಉಳಿಯುತ್ತದೆ? ಕ್ಲಾಸಿನಲ್ಲಿ ಮಕ್ಕಳಿಗೆ ಇದನ್ನೇ ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ "ಇನ್ನೊಂದು ಸಾಲ ಮಿಸ್" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಸರಿಯಾಗಿತ್ತು.

ಇಷ್ಟು ಹೇಳಿದ ಕೂಡಲೇ ಕೆಲವರು "ಎಲ್ಲ ಗ್ಯಾರಂಟಿಯಿಂದಲೇ ಆಗಿದ್ದು" ಅಂತ ಶುರು ಮಾಡುತ್ತಾರೆ. ಐದು ಗ್ಯಾರಂಟಿಗಳಿಗೆ 2025-26ಕ್ಕೆ 51,034 ಕೋಟಿ ಇಟ್ಟಿದ್ದಾರೆ, ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನನ್ನು ನಾನು ದಿನಾ ನೋಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರುವ ಮೊದಲು ಬಸ್ಸಿನ ದುಡ್ಡು ಉಳಿಸಲು ಅರ್ಧ ದಾರಿ ನಡೆದೇ ಬರುತ್ತಿದ್ದರು. ಈಗ ಸೊನ್ನೆ ಟಿಕೆಟ್ ಹಿಡಿದು ನೆಟ್ಟಗೆ ಸ್ಟಾಪಿನಲ್ಲಿ ಇಳಿಯುತ್ತಾರೆ. ಉಳಿದ ದುಡ್ಡನ್ನು ಚೀಟಿಗೆ ಕಟ್ಟುತ್ತಾರೆ. ಮಗಳ ಫೀಸಿಗೆ ಅದೇ ಆಸರೆ. ಆ ಖರ್ಚು ಎಲ್ಲಿಗೆ ಹೋಯಿತು ಅಂತ ನನ್ನ ಕಣ್ಣಿಗೇ ಕಾಣುತ್ತದೆ. ನನ್ನ ಜಗಳ ಇರುವುದು ಎಲ್ಲಿಗೆ ಹೋಯಿತು ಅಂತಲೇ ಕಾಣದ ದುಡ್ಡಿನ ಜೊತೆ.

ಬೆಂಗಳೂರಿನ ಈಜಿಪುರದ ಮೇಲ್ಸೇತುವೆಯನ್ನೇ ತೆಗೆದುಕೊಳ್ಳಿ. ಒಳವರ್ತುಲ ರಸ್ತೆಯ ಜಂಕ್ಷನ್‌ನಿಂದ ಕೋರಮಂಗಲದ ಕೇಂದ್ರೀಯ ಸದನದ ತನಕ, ಸುಮಾರು ಎರಡೂವರೆ ಕಿಲೋಮೀಟರು. 2017ರಲ್ಲಿ ಕೆಲಸ ಶುರುವಾಯಿತು. ಅಂದಾಜು 203 ಕೋಟಿ. 2019ರಲ್ಲಿ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆಯನ್ನೇ ರದ್ದು ಮಾಡಿದರು. ಮತ್ತೆ ಟೆಂಡರು, ಮತ್ತೆ ಟೆಂಡರು, ಕೊನೆಗೆ 2023ರಲ್ಲಿ ಇನ್ನೊಬ್ಬರಿಗೆ ಕೊಟ್ಟರು. 2025ರ ಏಪ್ರಿಲ್‌ನಲ್ಲಿ ನಾನು ಇದನ್ನು ಬರೆಯುವಾಗಲೂ ಮುಗಿದಿಲ್ಲ. ಕೆಲಸ ಶುರುವಾದ ವರ್ಷ ನನ್ನ ಮಗ ಒಂದನೇ ಕ್ಲಾಸು ಸೇರಿದ. ಸ್ಕೂಲ್ ವ್ಯಾನಿನ ಕಿಟಕಿಯಿಂದ ಕ್ರೇನು ಕಂಡರೆ ಕುಣಿಯುತ್ತಿದ್ದ. ಈಗ ಅವನಿಗೆ ಮೀಸೆ ಚಿಗುರುತ್ತಿದೆ, ಕ್ರೇನಿನ ಕಡೆ ತಿರುಗಿಯೂ ನೋಡುವುದಿಲ್ಲ.

ಆ ರಸ್ತೆಯಲ್ಲಿ ಅಂಗಡಿ ಇಟ್ಟವರ ಕಷ್ಟ ಯಾವ ಬಜೆಟ್ ಪುಸ್ತಕದಲ್ಲೂ ಬರುವುದಿಲ್ಲ. ಬ್ಯಾರಿಕೇಡಿನ ಹಿಂದೆ ಅಂಗಡಿ ಇದ್ದರೆ ಗಿರಾಕಿ ಗಾಡಿ ನಿಲ್ಲಿಸುವುದೆಲ್ಲಿ? ನಾವು ಬ್ಲೌಸ್ ಹೊಲಿಸುತ್ತಿದ್ದ ಟೈಲರ್ ಅಣ್ಣ ಧೂಳಿನ ಕಾಟಕ್ಕೆ ಅಂಗಡಿ ಬಿಟ್ಟು ಮನೆಯಲ್ಲೇ ಮಿಷಿನ್ ಹಾಕಿಕೊಂಡರು. 203 ಕೋಟಿಯ ಅಂದಾಜಿನಲ್ಲಿ ಅವರ ನಷ್ಟ ಸೇರಿಲ್ಲ. ತಡವಾದ ಪ್ರತಿ ವರ್ಷಕ್ಕೂ ಜನ ಸುಟ್ಟ ಪೆಟ್ರೋಲು ಸೇರಿಲ್ಲ. ಅರ್ಧಕ್ಕೆ ನಿಂತ ಕಾಮಗಾರಿಯ ನಿಜವಾದ ವೆಚ್ಚ ಇದು, ಅಲ್ವಾ?

ಇದರ ಮಧ್ಯೆ ಸುರಂಗ ರಸ್ತೆ. ಬೆಂಗಳೂರಿನಲ್ಲಿ ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಸುರಂಗಗಳಿಗೆ 40,000 ಕೋಟಿ, ಅದಕ್ಕಾಗಿ ಪಾಲಿಕೆಗೆ ಸರ್ಕಾರದಿಂದ 19,000 ಕೋಟಿಯ ಖಾತರಿ ಅಂತ ಬಜೆಟ್ಟಿನಲ್ಲಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ತನಕ ಮೊದಲನೆಯದು. ಅದರ ಯೋಜನಾ ವರದಿ ಬರೆಸಲು ಸುಮಾರು ಒಂಬತ್ತೂವರೆ ಕೋಟಿ ಆಯಿತು. ಆ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್ ಹೆಸರು ಬಂದಿತ್ತು! ಪೇಪರಿನಲ್ಲಿ ಓದಿ ನಾನು ಜೋರಾಗಿ ನಕ್ಕುಬಿಟ್ಟೆ. ಅತ್ತೆ ಒಳಗಿಂದ "ಏನಾಯ್ತೇ?" ಅಂತ ಕೇಳಿದರು. ಆಮೇಲೆ ಸಲಹಾ ಸಂಸ್ಥೆಗೆ 5 ಲಕ್ಷ ದಂಡ ಹಾಕಿದರು. ಒಂಬತ್ತೂವರೆ ಕೋಟಿಗೆ 5 ಲಕ್ಷ ಅಂದರೆ ನೂರು ಅಂಕದ ಪತ್ರಿಕೆಯಲ್ಲಿ ಅರ್ಧ ಅಂಕ ಕಳೆದ ಹಾಗಾಯಿತು. ನನ್ನ ಸ್ಟೂಡೆಂಟ್ ಯಾರಾದರೂ ಪಕ್ಕದವನ ಪ್ರಾಜೆಕ್ಟನ್ನು ಅವನ ಹೆಸರಿನ ಸಮೇತ ಇಳಿಸಿಕೊಂಡು ಬಂದರೆ ಪೂರ್ತಿ ವಾಪಸ್ ಕೊಟ್ಟು ಹೊಸದಾಗಿ ಬರೆಸುತ್ತೇನೆ.

ಸುರಂಗ ಬೇಡ ಅಂತ ಹಟ ಇಲ್ಲ ನನಗೆ. ಎರಡೂವರೆ ಕಿಲೋಮೀಟರನ್ನು ನೆಲದ ಮೇಲೆ ಮುಗಿಸಿ ತೋರಿಸಿ, ಆಮೇಲೆ ಹದಿನಾರು ಹದಿನೇಳು ಕಿಲೋಮೀಟರು ನೆಲದ ಕೆಳಗೆ ಹೋಗೋಣ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಮಾರ್ಚ್ ಕೊನೆಯಲ್ಲಿ ಇನ್ನೊಂದು ಸುದ್ದಿ ಬಂತು. 21ನೇ ತಾರೀಕು ಸದನದಲ್ಲಿ ಹನಿಟ್ರ್ಯಾಪ್ ಆರೋಪ ಮತ್ತಿತರ ವಿಷಯಕ್ಕೆ ಗದ್ದಲವೋ ಗದ್ದಲ. ಕಾಗದ ಹರಿದು ಸ್ಪೀಕರ್ ಪೀಠದ ಕಡೆ ಎಸೆದರು, 18 ಬಿಜೆಪಿ ಶಾಸಕರು ಅಮಾನತಾದರು. ಅದೇ ಗದ್ದಲದ ನಡುವೆ ಶಾಸಕರ ಸಂಬಳ 40,000ದಿಂದ 80,000 ಆಯಿತು. ಮುಖ್ಯಮಂತ್ರಿಗಳದ್ದು 75,000ದಿಂದ ಒಂದೂವರೆ ಲಕ್ಷ. ಚರ್ಚೆಯೇ ಇಲ್ಲ. ಜನಪ್ರತಿನಿಧಿಗಳಿಗೆ ಒಳ್ಳೆಯ ಸಂಬಳ ಇರಲಿ, ನನಗೆ ಅದರಲ್ಲಿ ಸಂಕಟವಿಲ್ಲ. ಆದರೆ ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕರು ಗೌರವಧನ ನಾಲ್ಕು ಕಾಸು ಜಾಸ್ತಿ ಮಾಡಿಸಲು ಎಷ್ಟು ಕಚೇರಿ ಅಲೆಯುತ್ತಾರೆ ಅಂತ ನೋಡಿದ್ದೇನೆ. ಅವರ ಹೆಚ್ಚಳಕ್ಕೆ ಸಮಿತಿ ಬೇಕು, ವರದಿ ಬೇಕು. ಇದಕ್ಕೆ ಐದು ನಿಮಿಷದ ಮಾತೂ ಬೇಡವಾಯಿತು. ಮಾತಾಡಿ ಏರಿಸಿದ್ದರೆ ನಾನೇ ಸರಿ ಅನ್ನುತ್ತಿದ್ದೆ.

ಅಧಿವೇಶನದ ಹೊತ್ತಿಗೆ ಶಾಸಕರು ಊಟ ಆದ ಮೇಲೆ ಒರಗಿಕೊಳ್ಳಲು ಕುರ್ಚಿ ತರಿಸಿದ ಸುದ್ದಿಯೂ ಬಂತು. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೈದರು. ನಾನು ಬೈಯಲಿಲ್ಲ. ಕೊಳ್ಳದೆ ಬಾಡಿಗೆಗೆ ತಂದರಂತೆ. ಮಧ್ಯಾಹ್ನವೂ ಸದನದಲ್ಲಿ ಕೂತು ಮಾತಾಡುವುದಾದರೆ ಆ ಬಾಡಿಗೆ ದಂಡವಲ್ಲ.

ಇನ್ನು 2025ರ ಏಪ್ರಿಲ್ 1. ಹಾಲು ಲೀಟರಿಗೆ 4 ರೂಪಾಯಿ ಏರಿತು, ಅದರ ಹಿಂದಿನ ವರ್ಷ ಪ್ಯಾಕೆಟ್ಟಿಗೆ ಸೇರಿಸಿದ್ದ 50 ಎಂಎಲ್ ಕೂಡ ಹೋಯಿತು. ಕರೆಂಟು ಯೂನಿಟ್‌ಗೆ 36 ಪೈಸೆ. ಡೀಸೆಲ್ ಲೀಟರಿಗೆ 2 ರೂಪಾಯಿ. ಕಸಕ್ಕೆ ಬೇರೆ ಶುಲ್ಕ, ಅದೂ ಆಸ್ತಿ ತೆರಿಗೆ ಜೊತೆಗೆ. ಎಲ್ಲವೂ ಒಂದೇ ದಿನ. ಹಾಲಿನ ದುಡ್ಡು ರೈತರಿಗೆ ಹೋಗುತ್ತದೆ ಅಂದಿದ್ದಾರೆ. ಅತ್ತೆಯ ತವರು ಚನ್ನರಾಯಪಟ್ಟಣದ ಕಡೆ, ಅವರ ತಮ್ಮ ಡೇರಿಗೆ ಹಾಲು ಹಾಕುತ್ತಾರೆ. ಬೂಸಾ, ಹಿಂಡಿ ರೇಟು ಕೇಳಿದರೆ 4 ರೂಪಾಯಿ ಜಾಸ್ತಿ ಅನಿಸುವುದಿಲ್ಲ. ಆದರೆ ಕಸದ ಶುಲ್ಕ ಕೊಟ್ಟ ಮೇಲೂ ನಮ್ಮ ಬೀದಿ ಮೂಲೆಯ ಗುಡ್ಡೆ ಹಾಗೇ ಇದೆ. ಅಲ್ಲೇ ಇದೆ ನೋಡಿ ವ್ಯತ್ಯಾಸ.

ಯಾರನ್ನು ಕೇಳುವುದು? ಮೊದಲಾದರೆ ಅತ್ತೆ ವಾರ್ಡಿನ ಕಾರ್ಪೊರೇಟರನ್ನು ದೇವಸ್ಥಾನದ ಮುಂದೆ ಹಿಡಿದು ನಿಲ್ಲಿಸುತ್ತಿದ್ದರು. "ಏನಪ್ಪಾ, ಲೈಟು ಯಾವಾಗ ಹಾಕಿಸ್ತೀಯ?" ಅಂತ. ಮುಜುಗರಕ್ಕಾದರೂ ಎರಡು ದಿನದಲ್ಲಿ ಬಲ್ಬು ಬರುತ್ತಿತ್ತು. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ 2025ರ ಏಪ್ರಿಲ್ ತನಕ ಚುನಾವಣೆಯೇ ಆಗಿಲ್ಲ. ಇಷ್ಟು ದೊಡ್ಡ ಊರಿನ ದುಡ್ಡನ್ನು ಖರ್ಚು ಮಾಡುವವರಿದ್ದಾರೆ, ದೇವಸ್ಥಾನದ ಮುಂದೆ ಸಿಗುವವರಿಲ್ಲ. ನನ್ನ ಮಟ್ಟಿಗೆ ಎಲ್ಲ ತಡದ ಬೇರು ಇಲ್ಲೇ ಇದೆ. ಟೀವಿಯವರು ಇದನ್ನು ಒಂದು ಸಂಜೆಯಾದರೂ ಚರ್ಚೆ ಮಾಡಲಿ. ಬಜೆಟ್ಟಿಗೆ ಒಂದು ದಿನ ಕೊಟ್ಟರು, ಹನಿಟ್ರ್ಯಾಪಿಗೆ ದಿನಗಟ್ಟಲೆ ಕೊಟ್ಟರು.

ನನ್ನದೊಂದು ಸಣ್ಣ ಬೇಡಿಕೆ ಇದೆ. ಕಾಮಗಾರಿ ಜಾಗದಲ್ಲಿ ಬೋರ್ಡು ಹಾಕುತ್ತಾರಲ್ಲ, ಕಾಮಗಾರಿ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು ಅಂತ. ಅದರಲ್ಲಿ ಮೊದಲು ಹೇಳಿದ ಮೊತ್ತ, ಮೊದಲು ಹೇಳಿದ ತಾರೀಕು ಹಾಗೇ ಇರಲಿ. ಅದನ್ನು ಅಳಿಸದೆ, ಕೆಳಗೆ ಈಗಿನ ಮೊತ್ತ, ಈಗಿನ ತಾರೀಕು ಬರೆಯಲಿ. ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ನಾವು ಗೆರೆ ಎಳೆದು ಪಕ್ಕದಲ್ಲಿ ಬರೆಯುತ್ತೇವೆ, ಬಿಳಿ ಬಳಿಯುವುದಿಲ್ಲ. ಬಣ್ಣ ಬಳಿಯುವವರ ಅರ್ಧ ದಿನದ ಕೂಲಿಯಲ್ಲಿ ಇದು ಮುಗಿಯುತ್ತದೆ.

ಇದನ್ನೇ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳೋಣ ಅಂತ ಮಗನ ಜೊತೆ ಕೂತು ಬರೆದಿದ್ದೇನೆ. ಮೂರು ಪ್ರಶ್ನೆ: ಮೇಲ್ಸೇತುವೆಗೆ ಇವತ್ತಿನ ತನಕ ಕೊಟ್ಟ ಹಣ ಎಷ್ಟು, ಉಳಿದ ಕೆಲಸ ಎಷ್ಟು, ಮುಗಿಸುವ ತಾರೀಕು ಯಾವುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಸೋಮವಾರ ಪೋಸ್ಟಾಫೀಸಿಗೆ ಹೋಗಿ ಪೋಸ್ಟಲ್ ಆರ್ಡರ್ ತಂದು ಅಂಚೆಗೆ ಹಾಕುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ನಿಮ್ಮ ಏರಿಯಾದಲ್ಲೂ ಅರ್ಧಕ್ಕೆ ನಿಂತದ್ದು ಇದ್ದರೆ ತಿಳಿಸಿ, ಅರ್ಜಿಯ ಮಾದರಿ ಕಳಿಸುತ್ತೇನೆ.